ಹಿಟ್ಟಿನ ಹೆಬ್ಬೆಟ್ಟು

ಫ್ರೇಹಾ ಎಲ್ಮಕೈಸ್ ಒಲೆಯ ಮುಂದೆ ನಿಂತೇ ಹೊಸ ಪುಸ್ತಕದ ಮೂವತ್ತು ಪುಟ ಓದಿದಳು. ಒಂದಕ್ಷರವೂ ತಲೆಗೆ ಹತ್ತಲಿಲ್ಲ. ಮುಖಪುಟದ ಮೇಲೆ ಹೋದ ವರ್ಷ ತೀರಿಕೊಂಡ ಯೆಹೂದಿ ಧರ್ಮಗುರು ರಬ್ಬಿ ಯೆರುಹಾಮರ ಹೆಸರಿತ್ತು.

"ಇದು ನಮ್ಮ ರಬ್ಬಿಗಳು ಬರ್ದಿದ್ದಂತೆ! ಯಾರ ಕಿವಿ ಮೇಲೆ ಹೂ ಇಡ್ತಾರೆ ಇವ್ರು?"

ಹೀಗೆ ಕೇಳುವ ಹಕ್ಕು ಅವಳಿಗಲ್ಲದೆ ಇನ್ಯಾರಿಗಿತ್ತು? ಒಂಬತ್ತರ ಹುಡುಗಿಯಾಗಿದ್ದಾಗ ಮೊರಾಕೊದಿಂದ ಹಡಗು ಹತ್ತಿ ಬಂದು, ತ್ಸಫಾತ್ ಬೆಟ್ಟದ ಈ ಕಲ್ಲುಗಲ್ಲಿಗಳಲ್ಲಿ ಬೆಳೆದವಳು. ಹಣ್ಣು ಪ್ಯಾಕ್ ಮಾಡುವ ಶೆಡ್ಡಿನಲ್ಲಿ ದುಡಿದಳು. ಗಂಡ ಕಲ್ಲುಗಣಿಯಲ್ಲಿ ಸತ್ತ ಮೇಲೆ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ರಬ್ಬಿಗಳ ಅಡುಗೆಮನೆ ಸೇರಿದಳು. ಮೂವತ್ತೈದು ತುಂಬಿದ ಮೇಲೆ ಸಂಜೆ ಶಾಲೆಗೆ ಹೋಗಿ ಓದು ಕಲಿತಳು. ಆ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ಕಳೆದಳು.

ಆ ಊರಿನಲ್ಲಿ ಕಬ್ಬಾಲಾ ಎಂಬ ಗೂಢವಿದ್ಯೆ ಗಡ್ಡ ನೆರೆತ ಗಂಡಸರ ಸೊತ್ತು. ದೇವರು ಲೋಕವನ್ನು ಹೇಗೆ ಮಾಡಿದ, ಒಡೆದುಹೋದ ಬೆಳಕನ್ನು ಮನುಷ್ಯ ಹೇಗೆ ಕೂಡಿಸಬೇಕು ಎಂಬುದನ್ನೆಲ್ಲ ಅವರವರೇ ಪಿಸುಗುಟ್ಟಿಕೊಳ್ಳುತ್ತಿದ್ದರು. ಬಸ್ ಓಡಿಸುವವನಿಗೂ ಆಸ್ಪತ್ರೆಯ ದಾದಿಗೂ ಅದು ತಿಳಿಯಬೇಕೆಂದು ಹಟ ಹಿಡಿದವರು ರಬ್ಬಿ ಯೆರುಹಾಮ್ ಒಬ್ಬರೇ. ಶುಕ್ರವಾರ ಬೆಳಿಗ್ಗೆ ಫ್ರೇಹಾ ರೊಟ್ಟಿಗೆ ಹಿಟ್ಟು ನಾದುವ ಹೊತ್ತಿಗೆ ಬಿಡಿ ಹಾಳೆಗಳನ್ನು ಹಿಡಿದು ಬಂದು, ಮುಕ್ಕಾಲಿಯ ಮೇಲೆ ಕೂತು, ಓದಿ ಹೇಳುತ್ತಿದ್ದರು.

"ತಿಳೀತಾ ತಾಯಿ?"

"ಇಲ್ಲ ರಬ್ಬಿಗಳೇ. ಅರ್ಧಕ್ಕೇ ನಿದ್ದೆ ಬಂತು."

ಮುಂದಿನ ಶುಕ್ರವಾರ ಅದನ್ನೇ ಬೇರೆ ಹಾಳೆಯಲ್ಲಿ ಬೇರೆ ಥರ ಬರೆದು ತರುತ್ತಿದ್ದರು. ತಿಳಿದರೆ ಫ್ರೇಹಾ ಹಿಟ್ಟಿನ ಹೆಬ್ಬೆರಳನ್ನು ಹಾಳೆಯ ಅಂಚಿಗೆ ಒತ್ತಬೇಕು, ಇಲ್ಲದಿದ್ದರೆ ಇಲ್ಲ. ಕೈ ತೊಳೆದು ಬರುತ್ತೇನೆಂದರೂ ಬಿಡುತ್ತಿರಲಿಲ್ಲ. ಹೆಬ್ಬೆಟ್ಟು ಬಿದ್ದ ಹಾಳೆ ಮಾತ್ರ ಅಚ್ಚಿಗೆ ಹೋಗುತ್ತಿತ್ತು. ಉಳಿದವನ್ನು ಎಸೆಯುವಂತಿಲ್ಲ, ಅವುಗಳಲ್ಲಿ ದೇವರ ಹೆಸರಿದೆಯಲ್ಲ! ಅವೂ ಒಪ್ಪಿದ ಹಾಳೆಗಳ ಜೊತೆ ಒಂದೇ ಪೆಟ್ಟಿಗೆಯಲ್ಲಿ ಬಿದ್ದಿರುತ್ತಿದ್ದವು.

ಒಮ್ಮೆ ಅವರು, ಲೋಕಕ್ಕೆ ಜಾಗ ಆಗಲೆಂದು ದೇವರು ತನ್ನನ್ನೇ ಹಿಂದಕ್ಕೆ ಎಳೆದುಕೊಂಡ ಎಂಬುದನ್ನು ಎರಡು ಸಲ ಬರೆದು ತಂದರು. ಎರಡು ಸಲವೂ ಅವಳು ತಿಳಿಯಲಿಲ್ಲವೆಂದು ತಲೆಯಾಡಿಸಿಬಿಟ್ಟಳು. ಆಮೇಲೆ ಏನೋ ಹೊಳೆದು, "ಸೊಸೆ ಬಂದ ಮೊದಲನೇ ದಿನ ನಾನು ಅಡುಗೆಮನೆ ಬಿಟ್ಟು ಬಾಲ್ಕನೀಲಿ ನಿಂತ್ಕೊಂಡೆ. ನಾನು ಒಳಗೇ ಇದ್ದಿದ್ರೆ ಆ ಹುಡುಗಿ ಸೌಟು ಮುಟ್ತಿತ್ತಾ? ಹಾಗೇನಾ ದೇವ್ರು ಮಾಡಿದ್ದು?" ಎಂದಳು. ರಬ್ಬಿಗಳು ಅಲ್ಲೇ ಹೊಸ ಹಾಳೆ ತೆಗೆದು ಬರೆಯತೊಡಗಿದರು. ಅವರ ಕಣ್ಣು ಒದ್ದೆಯಾಗಿತ್ತು. ಅದು ಅವರ ಕೊನೆಯ ಪುಸ್ತಕದ ಮಾತು. ಅದು ಅಚ್ಚಾಗುವುದರೊಳಗೆ ಅವರೇ ಹೋಗಿಬಿಟ್ಟರು.

ಈಗ ಅದೇ ಪುಸ್ತಕ ಅವಳ ಕೈಯಲ್ಲಿದೆ. ಬಾಲ್ಕನಿ ಇಲ್ಲ, ಸೊಸೆ ಇಲ್ಲ! ಇರುವುದೆಲ್ಲ ಕಬ್ಬಿಣದ ಕಡಲೆ.

ಫ್ರೇಹಾ ಏಪ್ರನ್ನನ್ನೂ ಬಿಚ್ಚದೆ ರಬ್ಬಿಗಳ ಮನೆಗೆ ನಡೆದಳು. ಮಾರನೆಯ ದಿನ ಪೆಸಾಹ್ ಹಬ್ಬ. ಹಬ್ಬ ಮುಗಿಯುವವರೆಗೆ ಮನೆಯಲ್ಲಿ ಹಿಟ್ಟಿನ ಒಂದು ಚೂರೂ ಉಳಿಯಬಾರದೆಂದು ಊರಿಗೆ ಊರೇ ಮೂಲೆ ಮೂಲೆ ಕೆರೆಯುತ್ತಿತ್ತು. ರಬ್ಬಿಗಳ ಮಗಳು ಕುರ್ಚಿಯ ಕಾಲು ಉಜ್ಜುತ್ತಿದ್ದಳು.

"ಅಪ್ಪನ ಹಾಳೆಗಳೆಲ್ಲಿ?" ಎಂದಳು ಫ್ರೇಹಾ.

"ಅವಾ? ಹಿಟ್ಟು ಮೆತ್ಕೊಂಡಿತ್ತಲ್ಲ, ಮನೇಲಿ ಹೇಗಮ್ಮ ಇಟ್ಕೊಳ್ಳೋದು? ದೇವರ ಹೆಸರಿರೋದ್ನ ಸುಡೋ ಹಾಗಿಲ್ಲ. ಹೂಳೋಕೆ ಗೆದಲ್ಯಾ ಬೆಳಿಗ್ಗೇನೇ ಸ್ಮಶಾನಕ್ಕೆ ತಗೊಂಡ್ಹೋದ್ರು. ಚೆನ್ನಾಗಿದ್ದ ಹಾಳೆಗಳು ಮೊದ್ಲೇ ಅಚ್ಚಾಗಿವೆಯಲ್ಲ."

ಚೆನ್ನಾಗಿದ್ದ ಹಾಳೆಗಳು! ಫ್ರೇಹಾಳಿಗೆ ಎಲ್ಲವೂ ಒಟ್ಟಿಗೇ ತಿಳಿಯಿತು. ಗೆದಲ್ಯಾ ಈ ಮಗಳ ಗಂಡ, ಬೇರೆ ಊರಿನಲ್ಲಿ ದೊಡ್ಡ ಪಂಡಿತ. ಹಬ್ಬಕ್ಕೆ ಬಂದಾಗ ಉಂಡು ಹೋಗಿದ್ದನೇ ಹೊರತು ಒಂದು ದಿನವೂ ಅಡುಗೆಮನೆಗೆ ಕಾಲಿಟ್ಟವನಲ್ಲ. ಮಾವ ಸತ್ತ ಮೇಲೆ ಪೆಟ್ಟಿಗೆ ತೆರೆದ ಆ ಮಹಾನುಭಾವ ಹಾಳೆಗಳನ್ನು ಎರಡು ರಾಶಿ ಮಾಡಿದ್ದಾನೆ: ಶುಚಿಯಾದದ್ದು ಅಚ್ಚಿಗೆ, ಕೊಳೆಯಾದದ್ದು ಓದದೆಯೇ ಗುಂಡಿಗೆ. ಇಪ್ಪತ್ತೆರಡು ವರ್ಷ ಆ ಮನೆಯಲ್ಲಿ ಬೆಂದವಳನ್ನು ಒಂದು ಮಾತು ಕೇಳಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಮಂಡಿನೋವನ್ನೂ ಲೆಕ್ಕಿಸದೆ ಅವಳು ಸ್ಮಶಾನದ ಮೆಟ್ಟಿಲುಗಳನ್ನು ಇಳಿದಳು. ಗೋರಿ ತೋಡುವ ಪೆಸ್ಸೋ ಗುಂಡಿಯ ಅಂಚಿನಲ್ಲಿ ಗುದ್ದಲಿ ಹಿಡಿದು ನಿಂತಿದ್ದ. ಹಾಳೆಗಳ ಚೀಲ ಆಗಲೇ ಒಳಗಿಳಿದಿತ್ತು. ಗೆದಲ್ಯಾ ಪ್ರಾರ್ಥನೆಗೆ ಬಾಯಿ ತೆರೆಯುತ್ತಿದ್ದ.

"ನಿಲ್ಲಿಸ್ರೋ!"

"ಫ್ರೇಹಾ ಅಮ್ಮ, ಇದು ಹೆಂಗಸ್ರು ಬರೋ ಜಾಗ ಅಲ್ಲ," ಎಂದ ಗೆದಲ್ಯಾ.

"ನಾಳೆ ನಾನು ಸತ್ರೆ ಎಲ್ಲಿಗೆ ಹೊರ್ತೀರಿ, ಮಾರ್ಕೆಟ್ಟಿಗಾ? ಪೆಸ್ಸೋ, ಆ ಚೀಲ ಎತ್ತು."

"ಅದ್ರಲ್ಲೆಲ್ಲ ಹಿಟ್ಟಿದೆ! ಯಾವಳೋ ಹೆಬ್ಬೆಟ್ಟಿನವಳು ಮಾವನವರ ಬರಹದ ಮೇಲೆಲ್ಲ ಕೈ ಒರೆಸಿದ್ದಾಳೆ."

"ಆ ಹೆಬ್ಬೆಟ್ಟಿನವಳು ನಾನೇ ಕಣಪ್ಪಾ! ಹಿಟ್ಟು ಅಂತ ನಿಮ್ಮ ಮಾವನಿಗೆ ಗೊತ್ತಿರ್ಲಿಲ್ವಾ? ಪ್ರತಿ ಹಬ್ಬಕ್ಕೂ ಆ ಪೆಟ್ಟಿಗೆಗೆ ಬೀಗ ಹಾಕಿ, ಎಲ್ರೂ ಮಾಡೋ ಹಾಗೆ ಹಿಟ್ಟಿನ ಡಬ್ಬಿಗಳ ಜೊತೆ ಬೇರೆ ಮತದವ್ರಿಗೆ ಮಾರಿ, ಹಬ್ಬ ಮುಗಿದ ಮೇಲೆ ವಾಪಸ್ ಕೊಂಡ್ಕೊಳ್ತಿದ್ರು. ಹೂಳ್ತಿರ್ಲಿಲ್ಲ!"

ಪೆಸ್ಸೋ ಗುಂಡಿಗಿಳಿದು ಚೀಲ ಎತ್ತಿಕೊಟ್ಟ. ಫ್ರೇಹಾ ಅದರೊಳಗೆ ಕೈ ಹಾಕಿ ಹುಡುಕಿ, ಒಂದು ಹಾಳೆ ತೆಗೆದು ಗೆದಲ್ಯಾನ ಮೂಗಿನ ಮುಂದೆ ಹಿಡಿದಳು.

"ನೀವೇ ಓದಿ. ಗಟ್ಟಿಯಾಗಿ."

ಮೇಲ್ಗಡೆ ಮಾವನ ಕೈಬರಹದಲ್ಲೇ ಇತ್ತು: 'ಮೂರನೆಯ ಸಲ. ಫ್ರೇಹಾ ಒಪ್ಪಿದಳು. ಹಿಂದಿನ ಎರಡು ಬೇಡ.' ಅದನ್ನು ಓದುವಾಗಲೇ ಗೆದಲ್ಯಾನ ದನಿ ಇಳಿಯಿತು. ಆದರೂ ಮುಂದೆ ಓದಿದ, ಸೊಸೆಗೆ ಜಾಗ ಬಿಟ್ಟು ಬಾಲ್ಕನಿಯಲ್ಲಿ ನಿಂತ ಅತ್ತೆಯ ಮಾತು ಮುಗಿಯುವವರೆಗೆ.

ಪೆಸ್ಸೋ ಗುದ್ದಲಿಗೆ ಒರಗಿ ಕೇಳುತ್ತಿದ್ದ. "ಓಹೋ, ದೇವರು ಕಾಣಿಸದೇ ಇರೋದು ಇದಕ್ಕಾ?" ಎಂದ. "ಕೋಪ ಮಾಡ್ಕೊಂಡಿದ್ದಾನೆ ಅಂತ ನಾನು ಅಂದ್ಕೊಂಡಿದ್ದೆ. ಮುಂದೆ ಏನಿದೆ ಓದಿ."

ಗೆದಲ್ಯಾ ಓದಲಿಲ್ಲ. ಚೀಲದಿಂದ ಇನ್ನೊಂದು ಹಾಳೆ ತೆಗೆದ, ಮತ್ತೊಂದು ತೆಗೆದ. ಎಲ್ಲದರ ಅಂಚಿನಲ್ಲೂ ಒಣಗಿದ ಹೆಬ್ಬೆಟ್ಟು, ಎಲ್ಲದರ ನೆತ್ತಿಯ ಮೇಲೂ 'ಒಪ್ಪಿದಳು.'

"ಹಾಗಾದ್ರೆ ನಾನು ಅಚ್ಚು ಹಾಕಿಸಿದ್ದು..."

"ನಿಮ್ಮ ಮಾವ ಬೇಡ ಅಂತ ಬಿಟ್ಟಿದ್ದನ್ನ. ಒಂದೂ ಬಿಡದೆ."

"ಐನೂರು ಪ್ರತಿ ಮನೇಲಿದೆಯಮ್ಮ. ದೇವರ ಹೆಸರಿದೆ, ಸುಡೋ ಹಾಗಿಲ್ಲ. ಏನು ಮಾಡ್ಲಿ?"

ಫ್ರೇಹಾ ಚೀಲದ ಬಾಯಿ ಕಟ್ಟಿ ಹೆಗಲಿಗೇರಿಸಿಕೊಂಡಳು. ಸಿಟ್ಟು ಇನ್ನೂ ಇಳಿದಿರಲಿಲ್ಲ.

"ತಗೊಂಡ್ಬನ್ನಿ," ಎಂದಳು. "ಪೆಸ್ಸೋ ಗುಂಡಿ ತೋಡಿಯೇ ಇದ್ದಾನಲ್ಲ."