ಕಳಚಿಟ್ಟ ಪಂಪಿನ ಸದ್ದು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಹಿಂದೆಲ್ಲ ನಾನು ನಗುತ್ತಿದ್ದೆ. ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, ಕೆಲಸ ಹೊಸೂರಿನ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ತಪಾಸಣೆ. ಸದ್ದು ಬಂತೆಂದರೆ ಏನೋ ಅಲುಗಿದೆ, ಅಲುಗಿದ್ದಕ್ಕೆ ಕಾರಣವಿದೆ ಎಂದು ನಂಬಿಯೇ ಸಂಬಳ ತೆಗೆದುಕೊಳ್ಳುವವನು ನಾನು. ಈಗಲೂ ಹಾಗೆಯೇ ನಂಬುತ್ತೇನೆ. ಆ ಒಂದು ಸಂಜೆಯನ್ನು ಮಾತ್ರ ಎಲ್ಲಿ ಇಡಬೇಕೋ ತಿಳಿಯದೆ ಇಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದೇನೆ.

ಎರಡು ರಾಜ್ಯಗಳ ಗಡಿಯಲ್ಲಿರುವ ನಮಗೆಲ್ಲ ಒಂದು ಚಾಳಿ ಇದೆ. ಪೆಟ್ರೋಲ್ ಗಡಿಯ ಯಾವ ಕಡೆ ಅಗ್ಗವೋ ಆ ಕಡೆ ಹೋದಾಗ ತುಂಬಿಸುವುದು, ಅಲ್ಲಿಯವರೆಗೆ ತಳದಲ್ಲಿರುವುದರಲ್ಲೇ ಓಡಿಸುವುದು. ಎಂಜಿನ್ನಿಗೆ ಪೆಟ್ರೋಲ್ ಕಳಿಸುವ ಫ್ಯೂಯಲ್ ಪಂಪ್ ಕಾರಿನ ಟ್ಯಾಂಕಿನೊಳಗೆ, ಪೆಟ್ರೋಲಿನಲ್ಲಿ ಮುಳುಗಿ ತಂಪಾಗಿರಬೇಕಾದ ವಸ್ತು. ನಮ್ಮಂಥವರ ಕಾರಿನಲ್ಲಿ ಅದು ಒಣಗಿ, ಕಾದು, ಬೇಗ ಸಾಯುತ್ತದೆ. ನನ್ನದೂ ಸತ್ತಿತು. ಕೀಲಿ ತಿರುಗಿಸಿದ ಕೂಡಲೇ ಹಿಂದಿನ ಸೀಟಿನ ಕೆಳಗಿಂದ ಗುಂಯ್ ಎಂದು ಬರುತ್ತಿದ್ದ ಸಣ್ಣ ಸದ್ದು ಒಂದು ಬೆಳಿಗ್ಗೆ ಬರಲೇ ಇಲ್ಲ.

ಹೊಸೂರಿನ ಮೂಕಂಡಪಲ್ಲಿಯಲ್ಲಿ ನಮ್ಮ ಬೀದಿಯ ಮೆಕ್ಯಾನಿಕ್ ಸೆಲ್ವಂ ಹೊಸ ಪಂಪ್ ಹಾಕಿದ. ಟ್ಯಾಂಕಿನ ಬಾಯಿಗೆ ಕೂರಿಸುವ ರಬ್ಬರ್ ಉಂಗುರ ಪೆಟ್ರೋಲ್ ಕುಡಿದು ಊದಿಕೊಂಡಿತ್ತು, ತನ್ನ ಜಾಗದಲ್ಲಿ ಕೂರಲಿಲ್ಲ. ಅದನ್ನು ಬಿಸಿಲಿಗಿಟ್ಟು ಕುಗ್ಗಿಸಿ ಮತ್ತೆ ಒತ್ತಿ ಕೂರಿಸಿದ. ಇಲ್ಲಿ ಎಲ್ಲರೂ ಮಾಡುವುದು ಹಾಗೆಯೇ. ಹಳೆಯ ಪಂಪನ್ನು ಪೇಪರಿನಲ್ಲಿ ಸುತ್ತಿ ನನ್ನ ಕೈಗಿಟ್ಟ.

"ಇದು ತಗೊಂಡೋಗಿ ಸಾರ್. ಆಮೇಲೆ ಸೆಲ್ವಂ ಹಳೇದನ್ನೇ ತೊಳ್ದು ಹಾಕ್ಬುಟ್ಟ ಅಂತ ಏರಿಯಾ ಎಲ್ಲಾ ಹೇಳ್ಕೊಂಡು ಬತ್ತೀರಾ. ಇನ್ಮೇಲಾದ್ರೂ ಫುಲ್ ಟ್ಯಾಂಕ್ ಹಾಕ್ಸಿ."

ಹಾಕಿಸಿದೆ. ಅದೇ ಸಂಜೆ ಅಮ್ಮನನ್ನೂ ಐದು ವರ್ಷದ ಮಗಳನ್ನೂ ಕರೆದುಕೊಂಡು ಕೃಷ್ಣಗಿರಿಯ ಆಚೆಗಿರುವ ಚಿಕ್ಕಮ್ಮನ ಮನೆಗೆ ಹೊರಟೆ. ಹಳೆಯ ಪಂಪ್ ಹಿಂದಿನ ಸೀಟಿನ ಮುಂದೆ, ಕಾಲಿಡುವ ಜಾಗದಲ್ಲಿ ಬಿದ್ದಿತ್ತು. ಮಗಳು ಹಿಂದಿನ ಸೀಟಿನಲ್ಲಿ ಮಲಗಿದಳು. ಕಾರಿನೊಳಗೆ ಪೆಟ್ರೋಲ್ ವಾಸನೆ ಇತ್ತು. ಇವತ್ತು ತಾನೇ ಬಿಚ್ಚಿ ಹಾಕಿದ್ದಾರೆ, ಇರುತ್ತದೆ ಎಂದುಕೊಂಡು ಕಿಟಕಿ ಇಳಿಸಿದೆ.

ಶೂಳಗಿರಿ ದಾಟಿದ ಮೇಲೆ ಒಂದು ಏರಿನಲ್ಲಿ, ರಸ್ತೆಯ ಪಕ್ಕ, ಅರಿಶಿನ ಬಳಿದ ಮುನೇಶ್ವರನ ಕಲ್ಲು ಇದೆ. ಗಾಡಿ ರಿಪೇರಿಯಾದರೆ ಆ ದಾರಿಯ ಡ್ರೈವರುಗಳೆಲ್ಲ ಅಲ್ಲಿ ನಿಲ್ಲಿಸಿ, ತಟ್ಟೆಯಲ್ಲಿ ಕರ್ಪೂರ ಹಚ್ಚಿ, ಗಾಡಿಯ ಸುತ್ತ ಬಂದು ಒಂದೊಂದು ಚಕ್ರಕ್ಕೂ ತೋರಿಸುತ್ತಾರೆ. ಅಮ್ಮ ನಿಲ್ಲಿಸು ಎಂದಳು.

"ಒಂದು ಪಂಪಿಗೆಲ್ಲಾ ಪೂಜೆ ಏನಮ್ಮಾ?"

"ನೀನು ಓದ್ದೋನು, ನಂಬ್ಬ್ಯಾಡ ಕಣ್ಲಾ. ವಂಡಿ ನಂಬ್ತದೆ, ಸುಮ್ಕಿರು."

ಅಮ್ಮನ ಬಾಯಲ್ಲಿ ಗಾಡಿ ಯಾವಾಗಲೂ ವಂಡಿ. ಎಂಜಿನ್ ಆರಿಸಿ ಕೀಲಿಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಇಳಿದೆ. ಹೊತ್ತು ಮುಳುಗುತ್ತಿತ್ತು. ಮಗಳು ಒಳಗೆ ನಿದ್ದೆಯಲ್ಲಿದ್ದಳು. ಎದ್ದರೆ ಹಟ ಮಾಡುತ್ತಾಳೆಂದು ಎಬ್ಬಿಸಲಿಲ್ಲ. ಅಮ್ಮ ಹಿಂದಿನ ಚಕ್ರದ ಪಕ್ಕದಲ್ಲೇ ಗಾಳಿಗೆ ಮರೆಯಾಗಿ ಕುಕ್ಕರಗಾಲಲ್ಲಿ ಕೂತು, ತಟ್ಟೆಯಲ್ಲಿ ಕರ್ಪೂರ ಇಟ್ಟು, ಸೆರಗಿನ ಗಂಟಿನಿಂದ ಬೆಂಕಿಪೊಟ್ಟಣ ತೆಗೆದಳು.

ಆಗ ಆ ಸದ್ದು ಬಂತು. ಗುಂಯ್. ಕೀಲಿ ತಿರುಗಿಸಿದಾಗ ಬರುವ ಅದೇ ಸದ್ದು. ಅದು ಒಂದೆರಡು ಕ್ಷಣಕ್ಕೆ ನಿಲ್ಲಬೇಕು, ಇದು ನಿಲ್ಲಲಿಲ್ಲ. ನನ್ನ ಕೈ ತಾನಾಗಿ ಜೇಬಿಗೆ ಹೋಯಿತು. ಕೀಲಿ ಅಲ್ಲೇ ಇತ್ತು. ಒಳಗೆ ಮಗಳು ಎದ್ದು ಕೂತಿದ್ದಳು.

"ಅಪ್ಪಾ, ಆ ಪೇಪರ್ ಪೊಟ್ಣ ಗುಂಯ್ ಅಂತೈತೆ."

ಬಾಗಿಲು ತೆಗೆದು ಅದನ್ನು ಎತ್ತಿಕೊಂಡೆ. ಪೇಪರಿನೊಳಗೆ, ತುಂಡು ವೈರುಗಳು ಜೋತಾಡುತ್ತಿದ್ದ ಆ ಸತ್ತ ಪಂಪ್, ನನ್ನ ಅಂಗೈಯಲ್ಲಿ ನಡುಗುತ್ತಿತ್ತು. ಬಗ್ಗಿದ್ದರಿಂದಲೇ ಮೂಗಿಗೆ ವಾಸನೆ ರಪ್ಪನೆ ಹೊಡೆಯಿತು. ಸೀಟಿನ ಕೆಳಗೆ ಕೈ ಹಾಕಿದರೆ ಒದ್ದೆ. ಕಾರಿನಡಿಯಿಂದ ಪೆಟ್ರೋಲ್ ತೊಟ್ಟಿಕ್ಕಿ, ಇಳಿಜಾರಿನಲ್ಲಿ ಅಮ್ಮನ ಕಾಲಿನ ಕಡೆಗೇ ಹರಿದಿತ್ತು.

"ಅಮ್ಮಾ, ಗೀರ್ಬ್ಯಾಡ!"

ಕಡ್ಡಿ ಪೊಟ್ಟಣಕ್ಕೆ ತಾಗಿಕೊಂಡೇ ನಿಂತಿತು. ಮಗಳನ್ನು ಎಳೆದುಕೊಂಡು, ಅಮ್ಮನ ರಟ್ಟೆ ಹಿಡಿದು ದೂರ ಓಡಿದೆ. ಮಗಳ ಫ್ರಾಕಿನ ಅಂಚು ಪೆಟ್ರೋಲಿನಲ್ಲಿ ನೆನೆದಿತ್ತು. ಅದನ್ನು ಅಲ್ಲೇ ಬಿಚ್ಚಿಸಿ, ನನ್ನ ಅಂಗಿ ತೊಡಿಸಿದೆ. ಅಂಗಿ ಬಿಚ್ಚುವಾಗ ನೋಡಿದರೆ ಪಂಪ್ ಇನ್ನೂ ನನ್ನ ಕೈಯಲ್ಲೇ ಇತ್ತು. ಅದು ಯಾವಾಗ ಸುಮ್ಮನಾಯಿತೋ ಗಮನಿಸಲಿಲ್ಲ.

ಕಾರು ಬಿಟ್ಟು ಬಂದ ಜಾಗಕ್ಕೆ ಮಾರನೆಯ ದಿನ ಸೆಲ್ವಂ ಬಂದು ನೋಡಿದ. ಆ ರಬ್ಬರ್ ಉಂಗುರ ಒಂದು ಕಡೆ ಮಡಚಿಕೊಂಡಿತ್ತು. ಟ್ಯಾಂಕಿನ ತಳದಲ್ಲಷ್ಟೇ ಪೆಟ್ರೋಲ್ ಇದ್ದಾಗ ಗೊತ್ತಾಗಲಿಲ್ಲ, ತುಂಬಿಸಿ ಏರು ಹತ್ತಿದಾಗ ಉಕ್ಕಿದೆ. ಅದಕ್ಕೆ ಕಾರಣ ಇತ್ತು, ನನಗೆ ಒಪ್ಪಿಗೆಯೂ ಆಯಿತು. ಆಮೇಲೆ ಹಳೆಯ ಪಂಪನ್ನು ಅವನ ಮುಂದಿಟ್ಟೆ. ಬ್ಯಾಟರಿಗೆ ಕೊಟ್ಟು ನೋಡಿದ. ಮಿಸುಕಲಿಲ್ಲ. ಬಿಚ್ಚಿ ತೋರಿಸಿದ. ಒಳಗೆ ತಂತಿಯೆಲ್ಲ ಸುಟ್ಟು, ಮೋಟಾರು ಕಚ್ಚಿಕೊಂಡಿತ್ತು. ಸ್ಕ್ರೂ ಡ್ರೈವರ್ ಹಾಕಿ ತಿರುಗಿಸಿದರೂ ತಿರುಗಲಿಲ್ಲ.

"ಹೊಸಾ ಪಂಪ್ ಸದ್ದೇ ಕೇಳಿಸ್ಕೊಂಡಿದೀರಾ ಸಾರ್," ಎಂದ. ಕೀಲಿ ನನ್ನ ಜೇಬಿನಲ್ಲಿತ್ತು ಎಂದೆ. ಅವನು ಪಂಪನ್ನು ಜೋಡಿಸಿ, ಅದೇ ಪೇಪರಿನಲ್ಲಿ ಸುತ್ತಿ, ನನ್ನ ಕಡೆ ತಳ್ಳಿದ.

ಮುನೇಶ್ವರ ಕಾಪಾಡಿದ ಎಂದು ಅಮ್ಮ ಈಗಲೂ ಹೇಳುತ್ತಾಳೆ. ಆದರೆ ಅಲ್ಲಿ ಬೆಂಕಿ ತೆಗೆದದ್ದೇ ಅವನಿಗಾಗಿ. ಕಾಪಾಡುವವನು ಬೆಂಕಿಯನ್ನು ಹಾಗೇಕೆ ಅಷ್ಟು ಹತ್ತಿರ ಕರೆದ? ಹೆದರಿಕೆಯಲ್ಲಿ ನನ್ನ ಕೈಯೇ ನಡುಗಿತ್ತು ಎನ್ನೋಣವೆಂದರೆ, ಹೆದರಿದ್ದು ಆಮೇಲೆ. ಅದಕ್ಕೆ ಮೊದಲೇ ಆ ಸದ್ದು ಪೊಟ್ಟಣದ್ದು ಎಂದವಳು ಮಗಳು.

ಆ ಪಂಪನ್ನು ಎಸೆಯಲು ನನ್ನಿಂದ ಆಗಿಲ್ಲ. ಮುಂದಿನ ಸೀಟಿನ ಕೆಳಗೆ ಹಾಗೇ ಇದೆ. ಮಗಳು ಈಗ ಹೈಸ್ಕೂಲಿನಲ್ಲಿದ್ದಾಳೆ. ಕಾರು ಹತ್ತಿದ ಕೂಡಲೇ ಬಗ್ಗಿ ಅದನ್ನು ಎತ್ತಿ, ಕಿವಿಗೆ ಹಿಡಿದು ಕೇಳುತ್ತಾಳೆ. ನಗುವುದಿಲ್ಲ.

"ಮಲಗೈತೆ ಅಪ್ಪಾ, ಹೋಗಾಣ," ಎನ್ನುತ್ತಾಳೆ.

ಆಮೇಲೆಯೇ ನಾನು ಕೀಲಿ ತಿರುಗಿಸುವುದು.