ಡಿಸ್ಕಿನ ಉಸಿರಿಗೆ ಕಿವಿಗೊಡುವ ಅಕ್ಕ

ಬೆಳಗಿನಿಂದ ಮಂಜು. ಎದುರು ಗೋಡೆಯೇ ಕಾಣದಷ್ಟು ಮಂಜು. ಮಹಡಿ ಮೆಟ್ಟಿಲ ಕೆಳಗಿನ ಪುಟ್ಟ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ, ಬೀದಿಯವರೆಲ್ಲ ‘ಡಿಸ್ಕಕ್ಕ’ ಎಂದೇ ಕರೆಯುವ ಒಡತಿ ದೀಪ ಹಾಕಿ, ಕೆಲಸ ಶುರು ಮಾಡದೆ ಸುಮ್ಮನೆ ಕೂತಿದ್ದಾರೆ. ಶಾಲಿನೊಳಗೆ, ಹೊಟ್ಟೆಗೆ ಒತ್ತಿಕೊಂಡಂತೆ, ಒಂದು ಹಳೆಯ ಹಾರ್ಡ್ ಡಿಸ್ಕ್ ಇದೆ. ಚಳಿಗೆ ಮರಗಟ್ಟಿದ ಡಿಸ್ಕನ್ನು ಒಮ್ಮೆಲೇ ತಿರುಗಿಸಬಾರದು, ಮೊದಲು ಮೈ ಬೆಚ್ಚಗಾಗಬೇಕು ಎನ್ನುವುದು ಈಕೆಯ ಪದ್ಧತಿ.

“ಏನಕ್ಕಾ, ಮೊಟ್ಟೆಗೆ ಕಾವು ಕೊಡ್ತಿದೀಯಾ?” ಪಕ್ಕದ ಅಂಗಡಿಯ ಟೈಲರ್ ಇಣುಕುತ್ತಾನೆ.

“ಸುಮ್ನಿರಪ್ಪ. ಮರಿ ಹೊರಗೆ ಬರುತ್ತೋ ಇಲ್ವೋ ಅಂತ ಇಲ್ಲಿ ನನ್ ಜೀವ ಹೋಗ್ತಿದೆ.”

ಎದುರಿನ ಸ್ಟೂಲಿನಲ್ಲಿ ಕೂತ ಹಿರಿಯರು ನಗುವುದಿಲ್ಲ. ಬೀದಿಗೆಲ್ಲ ಅವರು ‘ಓದೋ ಅಜ್ಜ’. ಕಣ್ಣು ಕಾಣದ ಮೊಮ್ಮಗಳಿಗಾಗಿ ಪಾಠದ ಪುಸ್ತಕಗಳನ್ನೆಲ್ಲ ಗಟ್ಟಿಯಾಗಿ ಓದಿ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿಟ್ಟವರು. ಆಮೇಲೆ ಗಂಟಲಿನ ಆಪರೇಷನ್ ಆಯಿತು. ಈಗ ಉಳಿದಿರುವುದು ಬರೀ ಪಿಸುಮಾತು. ಹುಡುಗಿಯ ಪರೀಕ್ಷೆಯೋ ಬಾಗಿಲಿಗೇ ಬಂದು ನಿಂತಿದೆ.

ಆದದ್ದು ಇಷ್ಟು. ಹೋದ ವಾರ ಅಜ್ಜನ ಲ್ಯಾಪ್‌ಟಾಪು ತೆವಳುತ್ತಿತ್ತು, ಅದರ ಹಾರ್ಡ್ ಡಿಸ್ಕು ಟಕ್ ಟಕ್ ಎನ್ನುತ್ತಿತ್ತು. ಡಿಸ್ಕಕ್ಕ ಅದನ್ನು ಬಿಚ್ಚಿ, ಇದ್ದದ್ದನ್ನೆಲ್ಲ ಹೊಸ ಎಸ್‌ಎಸ್‌ಡಿಗೆ ದಾಟಿಸಿಕೊಟ್ಟರು; ತಿರುಗುವ ತಟ್ಟೆಯಿಲ್ಲದೆ ಚಿಪ್ಪಿನಲ್ಲೇ ಎಲ್ಲ ಉಳಿಸುವ ಡಿಸ್ಕು ಅದು. ಅದೇ ಬೆಲೆಗೆ ಹಾರ್ಡ್ ಡಿಸ್ಕಾದರೆ ದೊಡ್ಡ ಉಗ್ರಾಣವೇ ಸಿಗುತ್ತದೆ. ಎಸ್‌ಎಸ್‌ಡಿ ಚಿಕ್ಕ ಕೋಣೆ, ಆದರೆ ಕರೆದ ಕೂಡಲೇ ಓಗೊಡುತ್ತದೆ. ಆ ಕೋಣೆ ಬೇಗನೆ ತುಂಬಿತು. ಜಾಗ ಮಾಡಲು ಹೊರಟ ಅಜ್ಜನಿಗೆ ಪರದೆಯ ಮೇಲೊಂದು, ಒಳಗೊಂದು ಪಾಠಗಳ ಹೆಸರಿನದೇ ಎರಡು ಫೋಲ್ಡರ್ ಕಂಡವು. ಎರಡೇಕೆ ಎಂದು ಒಳಗಿನದನ್ನು ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿದರು. ಪರದೆಯ ಮೇಲೆ ಉಳಿದದ್ದು ಒಳಗಿನದಕ್ಕೆ ದಾರಿ ತೋರುವ ಬರೀ ಶಾರ್ಟ್‌ಕಟ್. ಬಾಗಿಲು ಉಳಿಸಿಕೊಂಡು ಮನೆ ಕೆಡವಿದ ಹಾಗಾಯಿತು.

ಹಾರ್ಡ್ ಡಿಸ್ಕಿನಲ್ಲಿ ಅಳಿಸಿದ್ದನ್ನು ಎಷ್ಟೋ ಸಲ ಕೆದಕಿ ಎಬ್ಬಿಸಬಹುದು. ಎಸ್‌ಎಸ್‌ಡಿ ಹಾಗಲ್ಲ, ಅಳಿಸಿದ ಜಾಗವನ್ನು ತಾನೇ ಗುಡಿಸಿ ಒರೆಸಿಬಿಡುತ್ತದೆ. ನಿನ್ನೆ ಸಂಜೆ ಅಜ್ಜ ಓಡಿ ಬಂದಾಗ ಡಿಸ್ಕಕ್ಕ ಹುಡುಕಿ ನೋಡಿದರು. ಏನೂ ಸಿಗಲಿಲ್ಲ. “ವೇಗ ಹೇಳ್ದೆ, ಜಾಗ ಹೇಳ್ದೆ. ಅಳಿಸಿದ್ದು ವಾಪಸ್ ಬರಲ್ಲ ಅನ್ನೋದನ್ನ ಮಾತ್ರ ಹೇಳ್ಲಿಲ್ಲ ನೋಡಿ. ಅದೇ ಕೊರೀತಿದೆ,” ಎನ್ನುತ್ತಾರೆ.

ಉಳಿದ ದಾರಿ ಒಂದೇ, ಶಾಲಿನೊಳಗಿನ ಈ ಮುದಿ ಡಿಸ್ಕು. ತೆಗೆದ ಡಿಸ್ಕನ್ನು ಈಕೆ ಅಳಿಸುವುದಿಲ್ಲ, ಮಾರುವುದಿಲ್ಲ. ಬಟ್ಟೆಯ ಚೀಲದಲ್ಲಿ ಹಾಕಿ ಆಯಾ ಮನೆಯವರಿಗೇ ಕೊಡುತ್ತಾರೆ. ಅಜ್ಜ ಮಾತ್ರ “ಕೆಟ್ಟ ಕಬ್ಬಿಣ ಯಾಕಮ್ಮ” ಎಂದು ಇದನ್ನು ಅಂಗಡಿಯಲ್ಲೇ ಬಿಟ್ಟುಹೋಗಿದ್ದರು.

ಫ್ಯಾನಿನ ಮೋಟಾರಿಗೆ ತಂತಿ ಸುತ್ತುತ್ತಿದ್ದ ಅಪ್ಪನ ಪಕ್ಕದಲ್ಲಿ ಬೆಳೆದ ಕಿವಿ ಈಕೆಯದು. ಅಂಗಡಿ ತೆರೆದ ಹೊಸತರಲ್ಲಿ “ಬಿಚ್ಚೋದೇನೋ ಬಿಚ್ತಾಳೆ, ಜೋಡಿಸೋರ್ಯಾರು?” ಎಂದು ಆಡಿಕೊಂಡವರೇ ಹೆಚ್ಚು. ಈಗ ದಿನವಿಡೀ ಬಂದವರದೆಲ್ಲ ಒಂದೇ ಪ್ರಶ್ನೆ: ಎರಡರಲ್ಲಿ ಯಾವುದು ಹಾಕಿಸಲಿ? ಈಕೆಯ ಉತ್ತರವೂ ಒಂದೇ.

“ಬ್ಯಾಗಲ್ಲಿ ಹೊತ್ಕೊಂಡು ತಿರುಗೋರಿಗೆ ಎಸ್‌ಎಸ್‌ಡಿನೇ ಸರಿ. ಬಿದ್ರೂ ಅಷ್ಟು ಪೆಟ್ಟಾಗಲ್ಲ. ಆದ್ರೆ ಹಾರ್ಡ್ ಡಿಸ್ಕು ಸಾಯೋ ಮುಂಚೆ ಹೆಚ್ಚಾಗಿ ನರಳುತ್ತೆ, ಕೇಳ್ಸುತ್ತೆ. ಎಸ್‌ಎಸ್‌ಡಿ ಉಸಿರೆತ್ತಲ್ಲ, ಹೋದ್ರೆ ಹೋಯ್ತು. ಯಾವ್ದೇ ಹಾಕ್ಸಿ, ಬೇಕಾದ್ದನ್ನ ಇನ್ನೊಂದು ಕಡೆನೂ ಇಡಿ.”

ಡಿಸ್ಕು ಬೆಚ್ಚಗಾಗಿದೆ. ತಂತಿ ಜೋಡಿಸಿ, ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗಿಟ್ಟು, ಹಿಡಿಯನ್ನು ಕಿವಿಗೊತ್ತಿ ಕಣ್ಣು ಮುಚ್ಚುತ್ತಾರೆ. ಟಕ್. ಮೌನ. ಮತ್ತೆ ಟಕ್. ಅಜ್ಜನ ಕೈ ಸ್ಟೂಲಿನ ಅಂಚನ್ನು ಬಿಗಿಹಿಡಿದಿದೆ.

“ಇದೊಂದ್ಸಲ ತಿರುಗಪ್ಪ, ಸ್ವಾಮಿ. ಆಮೇಲೆ ಎಷ್ಟಾದ್ರೂ ಮಲ್ಕೋ.”

ಸಣ್ಣಗೆ ಗುಂಯ್ ಎನ್ನುವ ಸದ್ದು ಏಳುತ್ತದೆ. ಡಿಸ್ಕಕ್ಕ ಬೇರೇನನ್ನೂ ಮುಟ್ಟದೆ ಆ ಒಂದೇ ಫೋಲ್ಡರನ್ನು ಹೊರಗೆ ಎಳೆದುಕೊಳ್ಳತೊಡಗುತ್ತಾರೆ. ನಡುವೆ ಒಮ್ಮೆ ಸದ್ದು ನಡುಗುತ್ತದೆ. ಟೈಲರನ ಹೊಲಿಗೆ ಯಂತ್ರವೂ ನಿಂತಿದೆ.

ಕೊನೆಯ ಪಾಠವೂ ದಾಟಿದ ಮೇಲೆ ಒಂದನ್ನು ಒತ್ತುತ್ತಾರೆ. ಗಟ್ಟಿ, ತುಂಬು ದನಿಯೊಂದು ಅಂಗಡಿ ತುಂಬುತ್ತದೆ: “ಕೇಳಿಸ್ಕೊ ಪುಟ್ಟಿ, ಇವತ್ತು ನದಿಗಳ ಪಾಠ.”

ತಮ್ಮದೇ ದನಿಯನ್ನು ಅಜ್ಜ ತಲೆ ಬಗ್ಗಿಸಿ ಕೇಳುತ್ತಾರೆ.

ಪಾಠಗಳನ್ನು ಲ್ಯಾಪ್‌ಟಾಪಿಗೂ ಒಂದು ಪೆನ್‌ಡ್ರೈವಿಗೂ ತುಂಬಿದ ಮೇಲೆ, ಡಿಸ್ಕಕ್ಕ ಇನ್ನೂ ಬಿಸಿಯಾರದ ಹಳೆಯ ಡಿಸ್ಕನ್ನು ಬಟ್ಟೆಯ ಚೀಲಕ್ಕೆ ಹಾಕಿ ದಾರ ಬಿಗಿಯುತ್ತಾರೆ. ಅಜ್ಜನ ಅಂಗೈ ಬಿಡಿಸಿ ಅದರಲ್ಲಿಡುತ್ತಾರೆ.

“ನೀವು ಬೇಡ ಅಂದ್ರೂ ಹೋದ ವಾರವೇ ಕೊಡ್ಬೇಕಿತ್ತು,” ಎನ್ನುತ್ತಾರೆ, ಮೆಲ್ಲಗೆ.