ಹೇರ್ಳೆ ಮಾಸ್ಟ್ರು ಮತ್ತು ಒಂದು ಕ್ರಿಯಾಪದ

ಯಾವ ಶಬ್ದ ಕಿವಿಗೆ ಬಿದ್ದರೂ ಅದರ ಅಜ್ಜ ಯಾರೆಂದು ವಿಚಾರಿಸದೆ ಹೇರ್ಳೆ ಮಾಸ್ಟ್ರು ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಕುಂದಾಪುರದ ನಮ್ಮ ಶಾಲೆಯಲ್ಲಿ ಅವರು ಇಂಗ್ಲಿಷ್ ಮಾಸ್ಟ್ರು, ನಾನು ಡ್ರಾಯಿಂಗ್ ಮಾಸ್ಟ್ರು. ಎಳವೆಯಲ್ಲಿ ಒಬ್ಬ ಪಾದ್ರಿಯಿಂದ ಜರ್ಮನ್ ಕಲಿತಿದ್ದ ಅವರು ಹತ್ತು ವರ್ಷದಿಂದ ಒಂದೇ ಕ್ರಿಯಾಪದದ ಬೆನ್ನು ಬಿದ್ದಿದ್ದರು. 'ಬೆರನ್', ಅಂದರೆ ಹೊರು. ಜರ್ಮನರ, ಇಂಗ್ಲಿಷರ ಪೂರ್ವಜರು ಆಡಿದ ಮಾತಂತೆ. ಬರೆದಿಟ್ಟವರು ಯಾರೂ ಇಲ್ಲ. ಮೊಮ್ಮಕ್ಕಳ ಮುಖ ನೋಡಿ ಅಜ್ಜನ ಮುಖ ಊಹಿಸಿದ ಹಾಗೆ ವಿದ್ವಾಂಸರು ಕಟ್ಟಿಕೊಂಡದ್ದು. ಅದಕ್ಕೇ ಅದರ ಪಕ್ಕ ಒಂದು ನಕ್ಷತ್ರದ ಗುರುತು.

ಗಂಗೊಳ್ಳಿಯ ದೋಣಿ ಕಡವಿನಲ್ಲಿ ಒಮ್ಮೆ ಮೀನು ಮಾರುವವಳಿಗೆ, "ಕಾಣಕ್ಕ, ನಿನ್ ತಲಿ ಮೇಲಿನ್ ಭಾರವೂ ಇಂಗ್ಲಿಷ್ರ್ ಹೆರುಕೆ ಹೇಳು 'ಬೇರ್' ಶಬ್ದವೂ ಒಂದೇ ಮುತ್ತಜ್ಜನ ಸಂತಾನ" ಎಂದರು.

"ಹ್ವಾಯ್ ಮಾಸ್ಟ್ರೆ, ಮೊದ್ಲ್ ಬುಟ್ಟಿ ಇಳ್ಸುಕೆ ಒಂದ್ ಕೈ ಕೊಡಿ" ಎಂದಳು ಅವಳು. ಕೊಟ್ಟರು. ಅಂಗಿಯೆಲ್ಲ ಮೀನಿನ ನೀರಾಯಿತು.

ಆ ಪದದ ಸಂತತಿಯನ್ನು ದೊಡ್ಡ ಹಾಳೆಯಲ್ಲಿ ಬರೆದುಕೊಡಿ ಎಂದು ನನ್ನನ್ನು ಕೇಳಿದರು. ನೆಟ್ಟಗೆ ಗೆರೆ ಎಳೆದಿದ್ದರೆ ಸಾಕಿತ್ತು. ನನ್ನ ಕೈಚಳಕ ತೋರಿಸಬೇಕಲ್ಲ! ನೀಲಿ ಶಾಯಿಯಲ್ಲಿ ಕವಲು ಕವಲಾಗಿ ಬಳುಕಿಸಿದೆ. "ಎಂತ ಶೆಟ್ರೆ, ನಮ್ ಹೊಳಿ ಕಂಡಂಗೇ ಇತ್ತಲೆ" ಎಂದು ಹಿಗ್ಗಿ ಗೋಡೆಗೆ ಅಂಟಿಸಿದರು.

ಬ್ರಿಟಿಷರಿಗೂ ಜರ್ಮನರಿಗೂ ಯುದ್ಧದ ಕಾಲ. ಯಾರು ಚಾಡಿ ಹೇಳಿದರೋ, ಪೊಲೀಸರು ಬಂದರು. ಜರ್ಮನ್ ಮಾತು, ಹೊಳೆ ಕಡಲು ಸೇರುವ ಗಂಗೊಳ್ಳಿ ಅಳಿವೆಯಂಥ ನಕ್ಷೆ, ಅದರಲ್ಲಿ ನಕ್ಷತ್ರ. ನಕ್ಷತ್ರಕ್ಕೆ ಬೆರಳಿಟ್ಟು, ಹಡಗು ಇಲ್ಲಿಗೇ ಬರುವುದೋ ಎಂದು ಕೇಳಿದರು.

"ಅದ್ ಹಡಗಲ್ಲ ಮಾರಾಯ್ರೆ, ಅಜ್ಜ" ಎಂದರು ಮಾಸ್ಟ್ರು. ಇನ್ಸ್‌ಪೆಕ್ಟರ್ ಕೆನ್ನೆಗೆ ಬಾರಿಸಿ, ನಕ್ಷೆ ಬರೆದವರು ಯಾರೆಂದು ಕೇಳಿದ. ನಾನು ಬಾಗಿಲಲ್ಲೇ ನಿಂತಿದ್ದೆ. ಮಾಸ್ಟ್ರು ನನ್ನತ್ತ ನೋಡಲೂ ಇಲ್ಲ.

"ನಾನೇ" ಎಂದರು.

ನಾನು ಬಾಯಿ ಬಿಡಲಿಲ್ಲ. ಥೂ, ನನ್ನ ಜನ್ಮಕ್ಕೆ.

ವರ್ಷ ಕಳೆದು ಅವರನ್ನು ಜೈಲಿನಿಂದ ಬಿಟ್ಟರು. ಕೆಲಸ ಹೋಗಿತ್ತು, ಹಾಳೆ, ಟಿಪ್ಪಣಿ ಯಾವುದೂ ಮರಳಿ ಬರಲಿಲ್ಲ. ಬಿಜೂರಿನಲ್ಲಿ ತಂಗಿಯ ಮನೆಯ ಜಗಲಿಯಲ್ಲಿ ಕೊನೆಯ ಸಲ ಕಂಡಾಗ ಅವರ ಕೈ ನಡುಗುತ್ತಿತ್ತು.

"ಶೆಟ್ರೆ, ಎಲ್ಲ ನಂಗ್ ಈಗ್ಳೂ ಬಾಯಲ್ಲಿತ್ತ್. ನಾ ಹೇಳ್ತೆ, ನೀವ್ ಇನ್ನೊಂದ್ಸಲ ಬರ್ದ್ ಕೊಡಿ."

ಯುದ್ಧ ಇನ್ನೂ ಮುಗಿದಿರಲಿಲ್ಲ. ನನಗೆ ಹೆಂಡತಿ, ಮಕ್ಕಳು, ಸರ್ಕಾರಿ ಸಂಬಳ. "ನಾಡ್ದ್ ಬತ್ತೆ ಮಾಸ್ಟ್ರೆ" ಎಂದು ಎದ್ದು ಬಂದೆ. ಮತ್ತೆ ಹೋಗಲಿಲ್ಲ.

ಮಳೆಗಾಲ ಮುಗಿಯುವುದರೊಳಗೆ ಅವರು ತೀರಿಕೊಂಡರು. ತಂಗಿ ಒಂದು ಗಂಟು ಕಳಿಸಿಕೊಟ್ಟರು. ನಾನು ಬರುತ್ತೇನೆಂದು ಅಣ್ಣ ತರಿಸಿಟ್ಟದ್ದಂತೆ. ಬಿಚ್ಚಿ ನೋಡಿದೆ. ದೊಡ್ಡ ಹಾಳೆ ಒಂದು, ಶಾಯಿ ಬಾಟಲಿ ಒಂದು. ಶಾಯಿ ನೀಲಿಯದೇ.